ಕೆಂಪು ದೀಪದ ಕೆಳಗೆ ಜತೆಗೆ ಕೂತವರಿಗೆ

ಜೇನ್ನೊಣದ ಬಳಗಕ್ಕೆ ಸೇರಿದ, ಮೈತುಂಬ ರೋಮವಿರುವ ಬಂಬಲ್‌ಬೀ ಎಂಬ ಹುಳುಗಳ ಕರುಳಿನ ಬ್ಯಾಕ್ಟೀರಿಯಾಗಳ ಕುರಿತ ನನ್ನ ಪಿಎಚ್‌ಡಿ ಪ್ರಬಂಧ ಕಳೆದ ವಾರ ಅಂಗೀಕಾರವಾಯಿತು. ಮೂರನೆಯ ವರ್ಷದಲ್ಲಿ ಏನೆಲ್ಲ ನಡೆಯಿತೆಂಬುದು ನಿಮ್ಮಲ್ಲಿ ಬಹುತೇಕರಿಗೆ ಗೊತ್ತಿರುವುದರಿಂದ ಅದನ್ನೆಲ್ಲ ಮತ್ತೆ ಕೆದಕುವುದಿಲ್ಲ. ಮಾರ್ಗದರ್ಶಕರಿಗೆ, ಲೆಕ್ಕಾಚಾರ ತಿದ್ದಿಕೊಟ್ಟ ಗೆಳೆಯರಿಗೆ, ಕರಡನ್ನು ಸಾಲುಸಾಲಾಗಿ ಓದಿ ಜಗಳಕ್ಕೆ ನಿಂತ ಇಬ್ಬರು ಸಹಪಾಠಿಗಳಿಗೆ, ದುಡ್ಡಿನ ಮಾತೆತ್ತದೆ ಕಾದ ಮನೆಯವರಿಗೆ ನಾನು ಋಣಿ. ಇಷ್ಟು ಜನರನ್ನು ಒಂದೇ ವಾಕ್ಯಕ್ಕೆ ತುರುಕಿದ್ದು ಅನ್ಯಾಯವೆಂದು ಬಲ್ಲೆ. ಆದರೆ ಉಳಿದ ಜಾಗವೆಲ್ಲ ಒಬ್ಬರಿಗೇ ಬೇಕಾಗಿದೆ.

ಅವರು ನಮ್ಮ ಪ್ರಯೋಗಾಲಯದ ಸಹಾಯಕಿ. ಹೆಸರು ಹಾಕಕೂಡದೆಂದು ಖಡಾಖಂಡಿತವಾಗಿ ಹೇಳಿರುವುದರಿಂದ, ನಾವೆಲ್ಲ ಕರೆಯುವಂತೆ ಅಕ್ಕ ಎಂದೇ ಬರೆಯುತ್ತೇನೆ.

ಮರಿಯಾಗಿದ್ದಾಗ ಸುತ್ತಿಕೊಂಡ ಕೋಶದಿಂದ ಆಗತಾನೆ ಹೊರಬಂದ ಬಂಬಲ್‌ಬೀಯ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಇಲ್ಲವೆನ್ನುವಷ್ಟು ಕಡಿಮೆ. ಮುಂದಿನ ಕೆಲವು ದಿನಗಳಲ್ಲಿ ಗೂಡಿನ ಒಡನಾಡಿಗಳಿಂದ, ಮುಖ್ಯವಾಗಿ ಅವುಗಳ ಹಿಕ್ಕೆಯಿಂದ, ಅದು ತನ್ನ ಪಾಲಿನ ಬ್ಯಾಕ್ಟೀರಿಯಾಗಳನ್ನು ಪಡೆಯುತ್ತದೆ. ಹಾಗೆ ಬಂದ ಸ್ನಾಡ್‌ಗ್ರಾಸೆಲ್ಲಾ ಎಂಬ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ಅಂಟಿಕೊಂಡು ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಅದರ ಮೇಲ್ಪದರದಲ್ಲಿ ನೆಲೆಸುವ ಗಿಲಿಯಮೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಸಕ್ಕರೆಗಳನ್ನು ಹುದುಗಿಸಿ ಬಿಟ್ಟ ಆಮ್ಲಗಳನ್ನು, ಸಕ್ಕರೆ ದಕ್ಕದ ಸ್ನಾಡ್‌ಗ್ರಾಸೆಲ್ಲಾ ಉಣ್ಣುತ್ತದೆ. ಒಡನಾಡಿಗಳ ಹಿಕ್ಕೆ ಸಿಕ್ಕ ಹುಳುಗಳು ಕ್ರಿಥಿಡಿಯಾ ಬಾಂಬಿ ಎಂಬ ಪರಾವಲಂಬಿಯನ್ನು ಹೆಚ್ಚು ಸಮರ್ಥವಾಗಿ ತಡೆಯುತ್ತವೆಂದು ಹೌಕೆ ಕಾಖ್ ಮತ್ತು ಪಾಲ್ ಶ್ಮಿಡ್-ಹೆಂಪೆಲ್ 2011ರಲ್ಲಿ ತೋರಿಸಿದರು. ನನ್ನ ಕೆಲಸ ಆ ಎಳೆಯನ್ನೇ ಹಿಡಿದು ಹೊರಟದ್ದು. ಜತೆಗಿದ್ದವರಿಂದಲೇ ಬದುಕುವ ಬಲ ಬರುತ್ತದೆಂದು ಇಲ್ಲೊಂದು ಉಪಮೆ ಹೆಣೆಯುವ ಆಸೆಯಾಗಿತ್ತು. ಹಿಕ್ಕೆಯ ಜತೆ ತನ್ನನ್ನು ಹೋಲಿಸಿದ್ದಕ್ಕೆ ಅಕ್ಕ ಸುಮ್ಮನಿರಲಾರರೆಂದು ಬಿಟ್ಟೆ.

ಇಂಥ ಪ್ರಯೋಗಕ್ಕೆ ಬ್ಯಾಕ್ಟೀರಿಯಾ ಇಲ್ಲದ ಹುಳುಗಳೂ ಬೇಕು, ಇಲ್ಲದಿದ್ದರೆ ಹೋಲಿಸುವುದು ಯಾವುದರೊಂದಿಗೆ? ಎರಡೂ ಗುಂಪಿಗೆ ಒಂದೇ ಚಿಮಟ ಬಳಸಿದ ನನ್ನ ಅಜಾಗರೂಕತೆಯಿಂದ, ಖಾಲಿಯಿರಬೇಕಾದ ಕರುಳುಗಳಲ್ಲೆಲ್ಲ ಸ್ನಾಡ್‌ಗ್ರಾಸೆಲ್ಲಾ ಸಿಕ್ಕಿತು. ಬಂಬಲ್‌ಬೀಗಳ ಗೂಡು ವರುಷಕ್ಕೊಮ್ಮೆ ಮುಗಿದುಹೋಗುವಂಥದ್ದು, ಗಂಡಿನೊಂದಿಗೆ ಕೂಡಿದ ಎಳೆ ರಾಣಿಗಳಷ್ಟೇ ಚಳಿಗಾಲ ದಾಟುತ್ತವೆ. ನಮ್ಮಲ್ಲಿ ಉಳಿದಿದ್ದುದು ಒಂದೇ ಗೂಡು, ಅದರ ರಾಣಿಯೂ ಸೊರಗಿತ್ತು, ಕೋಶಗಳು ಅಂದೇ ರಾತ್ರಿ ಒಡೆಯುವಂತಿದ್ದವು.

ಸಂಜೆ ಮನೆಗೆ ಹೊರಟಿದ್ದ ಅಕ್ಕ ಚೀಲವನ್ನು ಕುರ್ಚಿಯ ಮೇಲಿಟ್ಟು ಮತ್ತೆ ಕೈಗವಸು ತೊಟ್ಟರು. ಈ ಹುಳುಗಳ ಕಣ್ಣಿಗೆ ಕೆಂಪು ಕಾಣುವುದಿಲ್ಲವಾದ್ದರಿಂದ ಆ ಕೋಣೆಯಲ್ಲಿ ಕೆಂಪು ದೀಪವೊಂದೇ. ಅದರ ಬೆಳಕಿನಲ್ಲಿ ಕೋಶಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದಕ್ಕೂ ಹೊಸ ಚಿಮಟ ತೆಗೆದುಕೊಂಡು, ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತ ಹೋದರು. ಹೊರಬಂದ ಹುಳು ಹಳದಿ ಕಪ್ಪಿನದಲ್ಲ. ಬೂದು ಬೆಳ್ಳಿಯ ಬಣ್ಣದ್ದು, ಒದ್ದೆ ರೋಮ ಮೈಗಂಟಿ, ಕಾಲೂರಲು ತಡವರಿಸುತ್ತಿರುತ್ತದೆ.

ನಡುರಾತ್ರಿಯ ಹೊತ್ತಿಗೆ ನನ್ನಿಂದ ಆಗಲಿಲ್ಲ. ಸಂಶೋಧನೆ ಕೈಬಿಡುವುದಾಗಿ ಮಾರ್ಗದರ್ಶಕರಿಗೆ ಇಮೇಲ್ ಬರೆದಿಟ್ಟಿದ್ದೆ, ಕಳಿಸುವುದಷ್ಟೇ ಬಾಕಿ. ನಾನು ಯಾವುದಕ್ಕೂ ಲಾಯಕ್ಕಲ್ಲ ಎಂಬುದು ಆ ಹೊತ್ತಿನಲ್ಲಿ ನನಗೆ ದುಃಖವಾಗಿ ಕಾಣಲಿಲ್ಲ, ಬರಿಯ ವಾಸ್ತವವಾಗಿ ಕಂಡಿತು. ಈಗ ನೆನೆದರೆ ಹೆದರಿಕೆಯಾಗುವುದು ಅದಕ್ಕೇ. ಅಕ್ಕ ತಲೆಯೆತ್ತದೆ, “ಅಳೋದಾದ್ರೆ ಆಚೆ ಹೋಗಿ ಅತ್ತುಬಿಟ್ಟು ಬಾ. ಮೂಗು ಒರೆಸಿದ ಕೈಲಿ ಚಿಮಟ ಮುಟ್ಟಬೇಡ” ಅಂದರು. ಹೋಗಿ ಅತ್ತು, ಕೈ ತೊಳೆದು ಬಂದೆ. ಬೆಳಗಿನವರೆಗೆ ನಾವು ಅಂಕಿಗಳ ಹೊರತು ಬೇರೇನೂ ಮಾತಾಡಲಿಲ್ಲ. ಆ ಇಮೇಲ್ ಇನ್ನೂ ಕರಡಿನಲ್ಲೇ ಇದೆ.

ಜೇನ್ನೊಣದ ಅಂಗರಚನೆಯನ್ನು ಸೂಕ್ಷ್ಮವಾಗಿ ವಿವರಿಸಿದ ರಾಬರ್ಟ್ ಸ್ನಾಡ್‌ಗ್ರಾಸ್ ಮತ್ತು ಜೇನುಗಳ ಸೂಕ್ಷ್ಮಜೀವಿಗಳನ್ನು ದಶಕಗಳ ಕಾಲ ಅಭ್ಯಸಿಸಿದ ಮಾರ್ಥಾ ಗಿಲಿಯಂ ಇವರ ಗೌರವಾರ್ಥ ವಾಲ್ಡನ್ ಕ್ವಾಂಗ್ ಮತ್ತು ನ್ಯಾನ್ಸಿ ಮೋರಾನ್ 2013ರಲ್ಲಿ ಈ ಎರಡು ಬ್ಯಾಕ್ಟೀರಿಯಾಗಳಿಗೆ ಆ ಹೆಸರುಗಳನ್ನು ಕೊಟ್ಟರು. ನಮ್ಮ ಕ್ಷೇತ್ರದಲ್ಲಿ ಕೃತಜ್ಞತೆ ಸಲ್ಲಿಸುವ ಅತಿ ದೊಡ್ಡ ಬಗೆ ಅದು, ಮತ್ತು ಚಿಮಟ ತೊಳೆದವರ ತನಕ ಅದು ತಲುಪುವುದಿಲ್ಲ.

ನನ್ನ ನಾಲ್ಕನೆಯ ಅಧ್ಯಾಯದಲ್ಲಿ ಎರಡು ತಟ್ಟೆಗಳ ಚಿತ್ರವಿದೆ: ಒಂದರಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ, ರಕ್ತ ಬೆರೆಸಿದ ಅಗರ್ ಎಂಬ ಲೋಳೆಯ ಮೇಲೆ ಸ್ನಾಡ್‌ಗ್ರಾಸೆಲ್ಲಾದ ಸಣ್ಣ ಚುಕ್ಕೆಗಳು, ಇನ್ನೊಂದು ಬರಿದು. ಪರೀಕ್ಷಕರು ಬರಿದಾದುದನ್ನು ಅರೆಕ್ಷಣ ನೋಡಿ ಪುಟ ಮಗುಚಿದರು. ಪ್ರತಿಯನ್ನು ಕೈಗಿಟ್ಟಾಗ ಅಕ್ಕ ಆ ಚಿತ್ರವನ್ನು ದೀಪದ ಹತ್ತಿರ ಹಿಡಿದು, ಅಂಚಿನಿಂದ ಅಂಚಿನವರೆಗೆ ಬೆರಳಾಡಿಸಿ, ಎಲ್ಲಿಯೂ ಚುಕ್ಕೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಪುಟ ತಿರುವಿದರು.