ಮೆಷೀನ್ ಹಾಕೋ ಮೊದಲು ಬಿಲ್ಲಿನ ಮಾತು

ಪ್ರಿಯ ಗೆಳೆಯ,

ಡಿಟಿಪಿ (ಕಂಪ್ಯೂಟರಲ್ಲಿ ಪುಟ ಜೋಡಿಸೋ ಕೆಲಸ) ಸಾಕು, ಸ್ವಂತ ಆಫ್‌ಸೆಟ್ ಮುದ್ರಣ ಮೆಷೀನ್ ಹಾಕ್ತೀನಿ ಅಂತ ಬರೆದಿದ್ದೀಯ. ಹಾಕು. ಕೆಲಸ ನಿನಗೆ ಗೊತ್ತು. ಪ್ರೆಸ್ ನಡೆಸೋ ನಾನು ಹೇಳಬೇಕಿರೋದು ಬಿಲ್ಲಿನ ಹಣ ವಸೂಲಿ ಮಾಡೋ ವಿಷಯ.

ಸಾವಿರ ಪ್ರತಿಯ ಒಂದು ಡೆಮಿ ಅಳತೆಯ ಪುಸ್ತಕ ಅಂದ್ಕೋ. ಕಾಗದದವನು ರೀಮ್ ಇಳಿಸೋ ಮೊದಲೇ ದುಡ್ಡು ಎಣಿಸ್ಕೋತಾನೆ. ಅಚ್ಚಿನ ಪ್ಲೇಟ್ ಮಾಡೋನಿಗೆ ಅದೇ ವಾರ. ಬೈಂಡಿಂಗ್ ಹೆಂಗಸರಿಗೆ ಶನಿವಾರ ಕೊಡಲೇಬೇಕು, ಅವರ ಹತ್ರ ಸಾಲ ಹೇಳೋ ಮುಖ ನನಗಂತೂ ಇಲ್ಲ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಮುದ್ರಣಕ್ಕೆ ಇದೆ. ಬಿಲ್ಲು ಬರೆದ ಮುಂದಿನ ತಿಂಗಳ 20ಕ್ಕೆ ಅದನ್ನೂ ನಾನೇ ಕಟ್ಟಬೇಕು, ಪ್ರಕಾಶಕರಿಂದ ಬಿಡಿಗಾಸು ಬರದಿದ್ದರೂ.

ಚಿಕ್ಕ ಪ್ರಕಾಶಕರನ್ನ ಕೇಳಿದರೆ ‘ಗ್ರಂಥಾಲಯ ಕೊಂಡ ಪುಸ್ತಕಗಳ ಹಣ ಬರಲಿ’ ಅಂತಾರೆ. ಪೂರ್ತಿ ನೆಪ ಅಲ್ಲ ಅದು. ಆಸ್ತಿ ತೆರಿಗೆ ಜೊತೆ ಶೇ. 6 ಗ್ರಂಥಾಲಯ ಕರ ಕಟ್ತೀವಲ್ಲ, ಅದು ಸ್ಥಳೀಯ ಸಂಸ್ಥೆಯಿಂದ ಗ್ರಂಥಾಲಯಕ್ಕೆ ಹೋಗಿ, ಪ್ರಕಾಶಕರಿಗೆ ಬಂದು, ಆಮೇಲೆ ನನ್ನ ಬಾಗಿಲಿಗೆ. ಮೇಲೆಲ್ಲೋ ನಲ್ಲಿ ಮುಚ್ಚಿದರೆ ನನ್ನ ಬಿಂದಿಗೆ ಖಾಲಿ. ಇವರ ಮೇಲೆ ಸಿಟ್ಟಿಲ್ಲ. ದುಡ್ಡು ಬಂದ ದಿನ ತಾವೇ ಕರೆದು ಕೊಟ್ಟವರಿದ್ದಾರೆ.

ಹೊಟ್ಟೆ ಉರಿಯೋದು ದುಡ್ಡಿದ್ದೂ ಕೊಡದವರನ್ನ ಕಂಡಾಗ. ನಾನು ಅಚ್ಚು ಹಾಕಿಕೊಟ್ಟ ಆ ದೀಪಾವಳಿ ಪುರವಣಿ ನೆನಪಿದೆಯಾ? ಮಾಡಿಸಿದವರಿಂದ ಹಣ ಬಂದದ್ದು ಯುಗಾದಿ ಆದ ಮೇಲೆ. ಮೊದಲು ಬಿಲ್ಲಲ್ಲಿ ಪಿಒ (ಖರೀದಿ ಆರ್ಡರ್) ನಂಬರ್ ಇಲ್ಲ ಅಂದರು, ಹಾಕಿಕೊಟ್ಟೆ. ಆಮೇಲೆ ಸಹಿ ಮಾಡೋರು ರಜೆ. ಆಮೇಲೆ ನನ್ನ ವೆಂಡರ್ ಕೋಡ್ ಹೊಸ ಸಾಫ್ಟ್‌ವೇರಿಗೆ ಬಂದಿಲ್ಲವಂತೆ. ಅದೇ ಪುರವಣಿ ಎರಡು ದಿನ ತಡವಾಗಿದ್ದರೆ ದಂಡ ಅಂತ ಮುರ್ಕೊಳ್ಳೋರು.

ಕಾನೂನೇನೋ ನಮ್ಮ ಕಡೆ ಇದೆ. ಸಣ್ಣ ಉದ್ಯಮಗಳಿಗಾಗಿ ಇರೋ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಲಿಖಿತ ಒಪ್ಪಂದ ಇಲ್ಲದಿದ್ದರೆ ಬಿಲ್ಲಿನ ಹಣಕ್ಕೆ ಗಡುವು 15 ದಿನ, ಇದ್ದರೂ 45 ದಿನ ಮೀರೋ ಹಾಗಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ದೂರು ಕೊಡೋಕೆ ಅಂತ 2017ರಲ್ಲಿ ಸರ್ಕಾರದ ಪೋರ್ಟಲ್ ಬಂತು, ಹೆಸರು ಸಮಾಧಾನ್! ಅರ್ಜಿ ಹಾಕಿದ ದಿನವೇ ಆ ಗಿರಾಕಿ ಕೈಬಿಟ್ಟ ಅಂತ ಲೆಕ್ಕ, ನಾನಿನ್ನೂ ಹಾಕಿಲ್ಲ.

ನಿಜಕ್ಕೂ ಬಿಸಿ ಮುಟ್ಟಿಸಿದ್ದು 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿದ 43ಬಿ(ಎಚ್) ಅನ್ನೋ ಕಲಮು. ನಮ್ಮಂಥವರ ಬಿಲ್ಲನ್ನ ಗಡುವು ಮೀರಿಸಿ, ವರ್ಷ ಮುಗಿದರೂ ಬಾಕಿ ಇಟ್ಟರೆ ಅದನ್ನ ಆ ವರ್ಷದ ಖರ್ಚಿನಲ್ಲಿ ತೋರಿಸೋ ಹಾಗಿಲ್ಲ. 2024ರ ಮಾರ್ಚ್‌ನಲ್ಲಿ, ಯಾವತ್ತೂ ನನ್ನ ಫೋನ್ ಎತ್ತದ ಅಕೌಂಟೆಂಟ್ ಒಬ್ಬ ತಾನೇ ಫೋನ್ ಮಾಡಿ ನನ್ನದು ಸಣ್ಣ ಉದ್ಯಮ ಅಂತ ಸರ್ಕಾರ ಕೊಟ್ಟ ಉದ್ಯಮ್ ಸರ್ಟಿಫಿಕೇಟ್ ಕೇಳಿದ. ಇನ್ನೊಂದು ಕಡೆಯವರು ‘ಅದನ್ನ ರದ್ದು ಮಾಡಿಸಿಬಿಡಿ, ಇಬ್ಬರಿಗೂ ನೆಮ್ಮದಿ’ ಅಂದರು. ಯಾರಿಗೆ ನೆಮ್ಮದಿಯೋ!

ಆದ್ದರಿಂದ ಮೆಷೀನ್ ಬರೋ ಮುಂಚೆ ಉದ್ಯಮ್ ನೋಂದಣಿ ಮಾಡಿಸು. ಶುಲ್ಕವಿಲ್ಲ, ದಲ್ಲಾಳಿಗೆ ಕೊಡಬೇಡ. ನಂಬರನ್ನ ಬಿಲ್ಲಲ್ಲೇ ಅಚ್ಚು ಹಾಕಿಸು. ಡೆಲಿವರಿ ಚಲನ್ ಮೇಲೆ ತಾರೀಖು, ಸೀಲು ಇಲ್ಲದೆ ಬಂಡಲ್ ಇಳಿಸಬೇಡ, ದಿನದ ಲೆಕ್ಕ ಶುರುವಾಗೋದೇ ಅಲ್ಲಿಂದ. ಕಾಗದದ ದುಡ್ಡನ್ನಾದರೂ ಅಡ್ವಾನ್ಸ್ ತಗೋ.

ಕೇಳೋಕೆ ನಿನಗೆ ಸಂಕೋಚ, ಗೊತ್ತು. ಆ ಪುರವಣಿಯ ಡಿಟಿಪಿ ದುಡ್ಡು ನಾನು ನಿನಗೆ ಕೊಟ್ಟದ್ದೂ ಯುಗಾದಿ ಕಳೆದ ಮೇಲೆಯೇ. ಒಂದು ಸಲವೂ ಕೇಳಲಿಲ್ಲ ನೀನು.

ಇಂತಿ,
ನಿನ್ನ ಗೆಳೆಯ