ಚರಗವೂ ಕವಣೆಯೂ

ಆತ್ಮೀಯ ಸದಸ್ಯರೇ,

ಗಿಡಮರ, ಪ್ರಾಣಿ ಪಕ್ಷಿಗಳ ಕಡೆಗಿನ ಸೆಳೆತ ಮನುಷ್ಯನಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಬಲವಾಗಿ ವಾದಿಸಿದವರು ಅಮೆರಿಕದ ಜೀವವಿಜ್ಞಾನಿ ಎಡ್ವರ್ಡ್ ವಿಲ್ಸನ್. ಇರುವೆಗಳ ಹಿಂದೆ ಬಿದ್ದು ಜೀವನ ಕಳೆದ ಮನುಷ್ಯ. 1984ರಲ್ಲಿ ಈ ಸೆಳೆತಕ್ಕೆ ‘ಬಯೋಫಿಲಿಯಾ’ ಎಂಬ ಹೆಸರನ್ನು ಜನಪ್ರಿಯ ಮಾಡಿದವರೂ ಅವರೇ. ಅದೇ ವರ್ಷ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ಹಳೆಯ ದಾಖಲೆಗಳ ಲೆಕ್ಕ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. ಅರ್ಧ ಜನರ ಕಿಟಕಿಯಾಚೆ ಮರಗಳು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು. ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು.

ಓದಲು ಖುಷಿಯಾಗುತ್ತದೆ. ಆದರೆ ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ ಬೆಳೆದ ನನಗೆ ಒಂದು ಅನುಮಾನ. ಮರ ನೋಡಿ ಮನಸ್ಸು ತಣ್ಣಗಾಗುವುದು ಬೇರೆ, ಇನ್ನೊಂದು ಜೀವಕ್ಕೆ ನಮ್ಮ ಪಾಲಿನಿಂದ ತೆಗೆದುಕೊಡುವುದು ಬೇರೆ. ಎರಡನೆಯದೂ ತಾನಾಗಿಯೇ ಬರುವಂತಿದ್ದರೆ ನಮ್ಮ ಹಿರಿಯರು ಅದಕ್ಕೆ ಇಷ್ಟೊಂದು ಹುಣ್ಣಿಮೆ, ಅಮಾವಾಸ್ಯೆ ಗೊತ್ತು ಮಾಡುತ್ತಿರಲಿಲ್ಲ, ಅಲ್ವಾ? ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಬೇಕು. ಮುಂದಿನ ಅಮಾವಾಸ್ಯೆಗೆ ಮಣ್ಣಿನ ಎತ್ತಿಗೂ ಪೂಜೆ. ನಾಗರ ಪಂಚಮಿಗೆ ನೆಲ ಅಗೆಯುವಂತಿಲ್ಲ. ಆಮೇಲೆ ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆ.

ಎಳ್ಳಮಾವಾಸ್ಯೆ ಅಂದರೆ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಎದ್ದು ನಿಂತಿರುತ್ತದೆ, ಕಡಲೆ ಕಾಯಿ ಕಟ್ಟುತ್ತಿರುತ್ತದೆ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಜೋಳದ ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರೆಂದು ಪೂಜೆ. ಆಮೇಲೆ ಚರಗ. ಎಲ್ಲ ಅಡುಗೆಯಿಂದ ಒಂದಿಷ್ಟು ತೆಗೆದು ಕಲಸಿ ಹೊಲದ ತುಂಬ ಚೆಲ್ಲುತ್ತಾ ಹೋಗಬೇಕು. ಮುಂದಿನವರು ‘ಹುಲ್ಲುಲ್ಲಿಗೋ’ ಎಂದು ಕೂಗಿ ಚೆಲ್ಲಿದರೆ, ಹಿಂದಿನವರು ‘ಸಲಾಂಬ್ರಿಗೋ’ ಎನ್ನುತ್ತಾ ನೀರು ಚಿಮುಕಿಸುತ್ತಾರೆ. ಈ ಕೂಗು ಊರಿಂದೂರಿಗೆ ಬದಲಾಗುತ್ತದೆ. ಅಷ್ಟು ಮುಗಿಯುವ ತನಕ ಮಕ್ಕಳು ಎಷ್ಟು ಹಸಿದಿದ್ದರೂ ಬುಟ್ಟಿಗೆ ಕೈ ಹಾಕುವಂತಿಲ್ಲ. “ಭೂಮಿತಾಯಿ ಬಸುರಿ ಅದಾಳ, ಮೊದಲ ಆಕಿದು ಆಗ್ಲಿ” ಎಂದು ಆಯಿ ಗದರುತ್ತಿದ್ದಳು.

ಚೆಲ್ಲಿದ್ದೆಲ್ಲ ಇರುವೆ, ಗುಬ್ಬಿ, ಮೈನಾಗಳ ಪಾಲು. ಚರಗಕ್ಕೆ ಬಂದ ಹಕ್ಕಿ ಕಡಲೆಯ ಕೀಡಿಯನ್ನೂ ಹೆಕ್ಕಿ ತಿನ್ನುತ್ತದೆ, ಇದರ ಹಿಂದಿನ ವಿಜ್ಞಾನ ಅದೇ ಎನ್ನುವವರಿದ್ದಾರೆ. ಇರಬಹುದು. ಪ್ರತಿ ಆಚರಣೆಗೂ ವಿಜ್ಞಾನದ ಸರ್ಟಿಫಿಕೇಟ್ ಹುಡುಕುವ ಚಟ ನನಗಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಚರಗ ಚೆಲ್ಲಿದ ಕೈಯೇ ಸೀತನಿ, ಅಂದರೆ ಎಳೆ ಜೋಳದ ತೆನೆ, ತಿನ್ನುವ ಹೊತ್ತಿಗೆ ಕವಣೆ ಹಿಡಿಯುತ್ತಿತ್ತು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಬಯಲಿಗೆ ಬರುವ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ತೆನೆಗೆ ಮುತ್ತುತ್ತವೆ. ಹೊಲ ಕಾಯುವ ಮಂಚಿಕೆ ಹತ್ತಿ, ಕೂಗಿ, ಕಲ್ಲು ಬೀಸಿ ಓಡಿಸದಿದ್ದರೆ ಮನೆಗೆ ಕಾಳು ಬರುವುದಿಲ್ಲ. ನನಗೆ ಇದರಲ್ಲಿ ಢೋಂಗಿ ಕಾಣುವುದಿಲ್ಲ. ಹೊಟ್ಟೆಪಾಡಿಗೆ ಹಕ್ಕಿಯ ಜೊತೆ ಪೈಪೋಟಿಗೆ ಇಳಿದವನಿಗೇ ‘ಅದಕ್ಕೂ ಒಂದು ಪಾಲಿದೆ’ ಎಂದು ವರ್ಷಕ್ಕೊಮ್ಮೆಯಾದರೂ ನೆನಪಿಸಬೇಕಾಗಿದ್ದು. ಸೋಫಾದಲ್ಲಿ ಕೂತು ಆನೆಮರಿಯ ವಿಡಿಯೋಗೆ ಲೈಕ್ ಒತ್ತುವ ನಮಗೆ ಕರುಣೆ ಬಹಳ ಸಲೀಸು. ಅದು ನಮ್ಮ ಜೋಳ ತಿನ್ನುವುದಿಲ್ಲವಲ್ಲ!

ಈಗ ನೆನಪಿಸುವ ಕೆಲಸವನ್ನು ಒಂದಿಷ್ಟು ಕಾನೂನೂ ಮಾಡುತ್ತಿದೆ. ಬಾಗಲಕೋಟೆ ಜಿಲ್ಲೆಯ ಬೀಳಗಿ ಕಡೆ, ಯಡಹಳ್ಳಿಯ 96.36 ಚದರ ಕಿ.ಮೀ. ಕುರುಚಲು ಕಾಡು 2016ರಲ್ಲಿ ಚಿಂಕಾರ ಎಂಬ ಹುಲ್ಲೆಗಳ ವನ್ಯಧಾಮವಾಯಿತು. ಅಪರಿಚಿತರ ಕಣ್ಣಿಗೆ ಅದು ಸುಮ್ನೆ ಬೀಳು ಜಾಗ. ಊರಿಗೆ ಹೋದಾಗ ಬಾದಾಮಿ, ಐಹೊಳೆ ನೋಡಿ ವಾಪಸ್ ಬರುವವರು ಆ ದಾರಿಯನ್ನೂ ಒಮ್ಮೆ ಹಿಡಿಯಿರಿ.

ಇನ್ನು ನಮ್ಮ ಕನ್ನಡ ಕೂಟದ ವಿಷಯ. ಈ ಸಲ ಎಳ್ಳಮಾವಾಸ್ಯೆ ಊಟ ಪಾರ್ಕಿನಲ್ಲಿ. ಅಲ್ಲಿ ಹಕ್ಕಿಗಳಿಗೆ ತಿನ್ನಲು ಹಾಕಬಾರದು ಎಂಬ ಬೋರ್ಡ್ ಇದೆ. ಹಾಗಾದರೆ ಚರಗ ಹೇಗೆ ಎಂದು ಸಭೆಯಲ್ಲಿ ಜೋರು ವಾದವೇ ನಡೆಯಿತು. ಕದ್ದು ಚೆಲ್ಲೋಣ ಎಂದವರೂ ಇದ್ದರು. ನಾನು ಬೋರ್ಡಿನ ಪರ. ಎಣ್ಣೆಗಾಯಿ, ಹೋಳಿಗೆ ಬಾತುಕೋಳಿಗೆ ಒಳ್ಳೆಯದಲ್ಲ. ದಿನವೂ ಜನ ತುಂಬುವ ಜಾಗದಲ್ಲಿ ಎಲ್ಲರೂ ಚೆಲ್ಲತೊಡಗಿದರೆ ಕೊಳದ ನೀರು ಕೆಡುತ್ತದೆ, ಇಲಿಗಳು ಸೇರುತ್ತವೆ.

ಅದರ ಬದಲು ಮನೆ ಹಿಂದಿನ ಲಾನಿನಲ್ಲಿ ಒಂದು ಮೂಲೆಯನ್ನು ಪಾಲು ಬಿಡಿ. ಅಲ್ಲಿ ಹುಲ್ಲು ಕತ್ತರಿಸಬೇಡಿ, ಬಿದ್ದ ಎಲೆ ಗುಡಿಸಬೇಡಿ. ಎಷ್ಟೋ ಪತಂಗಗಳು, ಹುಳುಗಳು ಆ ಎಲೆಗಳ ಕೆಳಗೇ ಚಳಿಗಾಲ ಕಳೆಯುತ್ತವೆ. ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಎಂಬ ಮುಜುಗರ ಇದ್ದದ್ದೇ. ಅಷ್ಟಾದರೂ ನಮ್ಮ ಕೈಯಿಂದ ಹೋಗಲಿ. ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಕನ್ನಡ ಕಲಿ ತರಗತಿಯ ಮಕ್ಕಳನ್ನು ಅದಕ್ಕೆ ಸೇರಿಸುವ ಯೋಚನೆಯಿದೆ, ಜೊತೆಗೆ ಬರುವ ಅಪ್ಪ ಅಮ್ಮಂದಿರು ಬೇಕು.

ಊಟದ ಪಟ್ಟಿಯಲ್ಲಿ ಹೋಳಿಗೆಗೆ ಹೆಸರು ಜಾಸ್ತಿ ಬಂದಿವೆ, ಸಜ್ಜೆ ರೊಟ್ಟಿಗೆ ಒಬ್ಬರೂ ಇಲ್ಲ. ದಯವಿಟ್ಟು ಯಾರಾದರೂ ಮುಂದೆ ಬನ್ನಿ. ಪುಂಡಿ ಸೊಪ್ಪು ಸಿಗಲಿಲ್ಲ ಎನ್ನುವವರು ತೆಲುಗರ ಅಂಗಡಿಯಲ್ಲಿ ಗೋಂಗೂರ ಕೇಳಿ, ಅದೇ ಇದು.

— ಸಂಪಾದಕಿ