ಏರ್ ಫ್ರೈಯರ್ ತರಿಸುವ ಮೊದಲು: ಪುಣೆಯಿಂದ ಅವ್ವನಿಗೊಂದು ಕಾಗದ

ಕೋಥ್ರೂಡ್, ಪುಣೆ
3 ಅಕ್ಟೋಬರ್ 2025

ಅವ್ವ ಮತ್ತು ಅಪ್ಪನ ಪಾದಗಳಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನಿನ್ನೆ ಬನ್ನಿ ಹಬ್ಬಕ್ಕೆಂದು ಫೋನು ಮಾಡಿದಾಗ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಅಪ್ಪನಿಗೆ ಕರಿದದ್ದನ್ನು ಕಡಿಮೆ ಮಾಡಿರೆಂದು ಡಾಕ್ಟರು ಹೇಳಿದ್ದಾರೆ, ತಮ್ಮನು ದೀಪಾವಳಿಯ ರಿಯಾಯಿತಿಯಲ್ಲಿ ಏರ್ ಫ್ರೈಯರ್ ತರಿಸಿಯೇ ತೀರುತ್ತೇನೆಂದು ಕುಳಿತಿದ್ದಾನೆ, ನೀನು ವರ್ಷದಿಂದ ಬಳಸುತ್ತಿದ್ದೀಯಲ್ಲ, ತರಿಸಬೇಕೋ ಬೇಡವೋ ಅಷ್ಟು ಹೇಳು ಎಂದು ನೀನು ಕೇಳಿದೆ. ನಾನು ಅವಸರದಲ್ಲಿ ಚೆನ್ನಾಗಿದೆ ಎಂದುಬಿಟ್ಟೆ. ಫೋನು ಇಟ್ಟ ಮೇಲೆ, ನಮ್ಮಿಬ್ಬರ ಅಡುಗೆಮನೆಗೆ ಒಗ್ಗಿದ ಯಂತ್ರ ಧಾರವಾಡದ ಏಳು ಜನರ ಅಡುಗೆಮನೆಗೂ ಒಗ್ಗಬೇಕೆಂದೇನೂ ಇಲ್ಲ ಎನಿಸಿತು. ಈ ಕಾಗದ ತಲುಪುವ ತನಕ ಏನನ್ನೂ ತರಿಸಬೇಡವೆಂದು ತಮ್ಮನಿಗೆ ಹೇಳಿದ್ದೇನೆ.

ಗೊಂದಲವೆಲ್ಲ ಶುರುವಾಗುವುದು ಅದರ ಹೆಸರಿನಿಂದ. ಅದು ಕರಿಯುವ ಯಂತ್ರವಲ್ಲ, ಸುಡುವ ಯಂತ್ರ. ಮೇಲ್ಭಾಗದಲ್ಲಿ ಕಾಯುವ ಕಾಯಿಲ್, ಅದರ ಮೇಲೊಂದು ಫ್ಯಾನು, ಕೆಳಗೆ ತೂತುಗಳಿರುವ ಬುಟ್ಟಿ. ಫ್ಯಾನು ಬಿಸಿಗಾಳಿಯನ್ನು ಬುಟ್ಟಿಯ ಸುತ್ತ ರಭಸದಿಂದ ತಿರುಗಿಸುತ್ತದೆ, ಅಷ್ಟೇ ಅದರ ಗುಟ್ಟು. ಬೇಕರಿಯ ಫ್ಯಾನಿರುವ ಓವನ್ನನ್ನು ಕುಗ್ಗಿಸಿ ನೀರಿನ ಕೊಡದಷ್ಟು ಗಾತ್ರಕ್ಕೆ ತಂದರೆ ಇದಾಗುತ್ತದೆ. 2010ರಲ್ಲಿ ಫಿಲಿಪ್ಸ್ ಕಂಪನಿಯು ಬರ್ಲಿನ್ನಿನ ಪ್ರದರ್ಶನದಲ್ಲಿ ಇದನ್ನು ಏರ್‌ಫ್ರೈಯರ್ ಎಂದು ಕರೆದು ಮುಂದಿಟ್ಟಿತು. ಆ ಹೆಸರು ಆಲೂಗಡ್ಡೆಯ ಫ್ರೈಸ್ ತಿನ್ನುವ ಯುರೋಪಿನವರಿಗೆ ಸರಿಹೊಂದಿತು. ಕಡಲೆಹಿಟ್ಟು ಕಲಸುವ ನಮ್ಮಂಥವರಿಗೆ ಮಾತ್ರ ಅದೇ ಹೆಸರು ದಾರಿ ತಪ್ಪಿಸುತ್ತದೆ.

ನಾನು ದಾರಿ ತಪ್ಪಿದ್ದು ಕೊಂಡ ಮೊದಲ ವಾರದಲ್ಲೇ. ಹೊರಗೆ ಮಳೆ ಹಿಡಿದಿತ್ತು, ನಮ್ಮೂರಿನ ಮೆಣಸಿನಕಾಯಿ ಭಜಿ ತಿನ್ನುವ ಆಸೆಯಾಯಿತು. ನೀನು ಮಾಡುವಂತೆಯೇ ಅಜವಾನ ಹಾಕಿ ಹಿಟ್ಟು ಕಲಸಿ, ಮೆಣಸಿನಕಾಯಿಗಳನ್ನು ಅದ್ದಿ, 180 ಡಿಗ್ರಿಗಿಟ್ಟು ಬುಟ್ಟಿಯಲ್ಲಿ ಸಾಲಾಗಿ ಮಲಗಿಸಿದೆ. ಹತ್ತು ನಿಮಿಷ ಬಿಟ್ಟು ಎಳೆದು ನೋಡಿದರೆ ಹಿಟ್ಟೆಲ್ಲ ತೂತುಗಳಿಂದ ಸೋರಿ ಕೆಳಗಿನ ತಟ್ಟೆಯಲ್ಲಿ ದೋಸೆಯಂತೆ ಹೆಪ್ಪುಗಟ್ಟಿತ್ತು. ಮೇಲೆ ಸುಕ್ಕಾದ ಮೆಣಸಿನಕಾಯಿಗಳು ಅಂಗಿ ಕಳಚಿದವರಂತೆ ಬತ್ತಲೆ ಮಲಗಿದ್ದವು. ತೂತುಗಳಲ್ಲಿ ಸಿಕ್ಕಿಕೊಂಡ ಹಿಟ್ಟನ್ನು ಕಡ್ಡಿಯಿಂದ ಕೆರೆದು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ನಿನ್ನ ಅಳಿಯ ಬಾಗಿಲಲ್ಲಿ ನಿಂತು ನಕ್ಕ ನಗೆಯನ್ನು ನಾನು ಇನ್ನೂ ಮರೆತಿಲ್ಲ.

ಏಕೆ ಹೀಗಾಗುತ್ತದೆ ಎಂಬುದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುವ ವಿಷಯ. ಕಾದ ಒಲೆಯ ಮೇಲೆ ಅಂಗೈ ಚಾಚಿ ಒಂದೆರಡು ಕ್ಷಣ ತಡೆಯಬಹುದು, ಕಾದ ಎಣ್ಣೆಗೆ ಬೆರಳು ತಾಗಿಸಲಾಗದು. ಶಾಖ ಒಂದೇ ಇದ್ದರೂ ಎಣ್ಣೆ ಅದನ್ನು ಗಾಳಿಗಿಂತ ಬಹಳ ಬೇಗ ಪದಾರ್ಥಕ್ಕೆ ದಾಟಿಸುತ್ತದೆ. ಕಡಾಯಿಗೆ ಬಿದ್ದ ಹಿಟ್ಟು ಸೋರಿಹೋಗುವುದಕ್ಕೆ ಪುರುಸೊತ್ತೇ ಇಲ್ಲದಂತೆ ಆ ಕ್ಷಣದಲ್ಲಿಯೇ ಸುತ್ತಲೂ ಗಟ್ಟಿಯಾಗುತ್ತದೆ, ಒಳಗಿನ ನೀರು ಆವಿಯಾಗಿ ಗುಳ್ಳೆ ಎಬ್ಬಿಸಿಕೊಂಡು ಹೊರಬರುತ್ತದೆ, ಭಜಿ ಉಬ್ಬುತ್ತದೆ. ಏರ್ ಫ್ರೈಯರಿನಲ್ಲಿ ಹಿಟ್ಟು ಗಟ್ಟಿಯಾಗುವುದು ನಿಧಾನ, ಸೋರುವುದು ಬೇಗ. ಆದ್ದರಿಂದ ಭಜಿ, ಬೋಂಡಾ, ಬಟಾಟೆ ವಡೆ, ಅಂದರೆ ಸಡಿಲ ಹಿಟ್ಟಿನಲ್ಲಿ ಅದ್ದಿ ಬಿಡುವ ಯಾವುದನ್ನೂ ಅದರಿಂದ ನಿರೀಕ್ಷಿಸಬೇಡ. ಪೂರಿಯ ಮಾತಂತೂ ಎತ್ತಲೇಬೇಡ.

ಚಕ್ಕುಲಿ, ಕೋಡುಬಳೆಯದು ಬೇರೆ ಕಥೆ. ಅವು ಸೋರುವುದಿಲ್ಲ, ಬಣ್ಣವೂ ತಕ್ಕಮಟ್ಟಿಗೆ ಬರುತ್ತದೆ, ಆದರೆ ಕಚ್ಚಿದರೆ ಹಲ್ಲಿಗೆ ಪರೀಕ್ಷೆ. ಕರಿಯುವಾಗ ನೀರು ಬಿಟ್ಟುಹೋದ ಸಣ್ಣ ಸಣ್ಣ ಸಂದುಗಳಿಗೆ, ವಿಶೇಷವಾಗಿ ಕಡಾಯಿಯಿಂದ ತೆಗೆದು ಆರುವ ಹೊತ್ತಿನಲ್ಲಿ, ಎಣ್ಣೆ ಸೇರಿಕೊಳ್ಳುತ್ತದೆ. ಚಕ್ಕುಲಿ ಬಾಯಲ್ಲಿ ಗರಿಗರಿಯಾಗಿ ಪುಡಿಯಾಗುವುದಕ್ಕೆ ಅದೂ ಒಂದು ಕಾರಣ. ಗಾಳಿಯಲ್ಲಿ ಬೆಂದದ್ದರ ಸಂದುಗಳು ಬರಿದಾಗಿಯೇ ಉಳಿಯುತ್ತವೆ. ಹಿಟ್ಟಿಗೇ ಕಾದ ಎಣ್ಣೆಯನ್ನು ಧಾರಾಳವಾಗಿ ಹಾಕಿ ಕಲಸಿದರೆ ಸ್ವಲ್ಪ ಸುಧಾರಿಸುತ್ತದೆ, ಆದರೆ ಆಗ ಎಣ್ಣೆ ಉಳಿಸಿದ ಭಾಗ್ಯವೇನು ಬಂತು? ನಮ್ಮ ಪಕ್ಕದ ಮನೆಯ ಮರಾಠಿ ಅಜ್ಜಿ ಮಸಾಲೆ ತುಂಬಿ ಸುತ್ತಿದ ಬಾಕರವಡಿಗೆ ಮೇಲಷ್ಟೇ ಎಣ್ಣೆ ಸವರಿ 160 ಡಿಗ್ರಿಯಲ್ಲಿ ಸುಡುತ್ತಾರೆ, ಅದು ಮಾತ್ರ ಚೆನ್ನಾಗಿಯೇ ಬರುತ್ತದೆ. ಅವರ ಸಾಬುದಾಣಿ ವಡೆಯೂ ಹಾಗೆಯೇ. ಕೈಯಲ್ಲಿ ತಟ್ಟಿದರೆ ಆಕಾರ ಬಿಡದೆ ನಿಲ್ಲುವ ಪದಾರ್ಥವಾದರೆ ಯಂತ್ರವೂ ಅದನ್ನು ಕಾಪಾಡುತ್ತದೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಹಪ್ಪಳದ ವಿಷಯವನ್ನು ಬಿಡುವಂತಿಲ್ಲ, ಏಕೆಂದರೆ ಅಪ್ಪನ ಊಟ ಹಪ್ಪಳವಿಲ್ಲದೆ ಏಳುವುದಿಲ್ಲ. ನೀನು ಕಳಿಸಿದ ಉದ್ದಿನ ಹಪ್ಪಳವನ್ನು ಮೊದಲ ಸಲ ಇಟ್ಟಾಗ ಅದು ಫ್ಯಾನಿನ ಗಾಳಿಗೆ ಗಾಳಿಪಟದಂತೆ ಎದ್ದು ಮೇಲಿನ ಕಾಯಿಲಿಗೆ ಅಂಟಿಕೊಂಡು ಕರಕಲಾಯಿತು, ಮನೆಯೆಲ್ಲ ಹೊಗೆ. ಆಮೇಲೆ ತುಳಶಿಬಾಗಿನ ಪಾತ್ರೆ ಅಂಗಡಿಯೊಂದರಿಂದ ಸಣ್ಣ ಸ್ಟೀಲಿನ ಜಾಲರಿ ತಂದು ಮೇಲೆ ಹೊರೆಯಿಟ್ಟೆ. ಈಗ ಎರಡು ಹನಿ ಎಣ್ಣೆ ಸವರಿದ ಹಪ್ಪಳ ಎರಡು ನಿಮಿಷದಲ್ಲಿ ಸಿದ್ಧವಾಗುತ್ತದೆ. ಕೆಂಡದ ಮೇಲೆ ಸುಟ್ಟಷ್ಟು ರುಚಿಯಿಲ್ಲ, ಕರಿದಷ್ಟು ಅರಳುವುದಿಲ್ಲ. ಆದರೆ ಗ್ಯಾಸಿನ ಉರಿಯಲ್ಲಿ ಚಿಮಟಿಗೆ ಹಿಡಿದು ಸುಟ್ಟರೂ ಅಷ್ಟೇ ಆಗುತ್ತದೆ, ಅದಕ್ಕೆ ಯಂತ್ರವೇ ಬೇಕಾಗಿಲ್ಲ.

ಹಾಗಾದರೆ ನಾನು ಅದನ್ನು ವಾರಕ್ಕೆ ನಾಲ್ಕೈದು ಸಲ ಏಕೆ ಹಚ್ಚುತ್ತೇನೆ ಎಂದು ನೀನು ಕೇಳಬಹುದು. ಶೇಂಗಾಕ್ಕಾಗಿ, ಅವ್ವ. ಚಟ್ನಿ ಪುಡಿಗೆ ಶೇಂಗಾ ಹುರಿಯಲು ನೀನು ಸಣ್ಣ ಉರಿಯ ಮುಂದೆ ಅರ್ಧ ಗಂಟೆ ನಿಂತು ಕೈಯಾಡಿಸುತ್ತೀಯಲ್ಲ, ಇಲ್ಲಿ 160 ಡಿಗ್ರಿಗೆ ಹನ್ನೆರಡು ನಿಮಿಷ ಇಟ್ಟು ನಡುವೆ ಒಮ್ಮೆ ಬುಟ್ಟಿಯನ್ನು ಕುಲುಕಿದರೆ ಸಾಕು. ಒಂದು ಕಾಳೂ ಸೀಯದೆ, ಒಳಗಿನ ತನಕ ಒಂದೇ ಹದದಲ್ಲಿ ಹುರಿಯುತ್ತದೆ, ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿದರೆ ಸಿಪ್ಪೆ ತಾನಾಗಿ ಬಿಡುತ್ತದೆ. ಬದನೆಕಾಯಿಗೆ ಎಣ್ಣೆ ಸವರಿ, ಒಡೆಯದಂತೆ ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ ಇಪ್ಪತ್ತು ನಿಮಿಷ ಇಟ್ಟರೆ ಹಿಸುಕಿ ಮಾಡುವ ಬಜ್ಜಿಗೆ ಬೆಣ್ಣೆಯಂತೆ ಬೇಯುತ್ತದೆ, ಹೊಗೆಯ ವಾಸನೆಯೊಂದು ಬರುವುದಿಲ್ಲ ಅಷ್ಟೇ. ಬೆಂಡೆಕಾಯಿ ಒಂದು ಚಮಚ ಎಣ್ಣೆಯಲ್ಲಿ ಲೋಳೆಯಿಲ್ಲದೆ ಗರಿಗರಿಯಾಗುತ್ತದೆ, ಹಾಗಲಕಾಯಿಯೂ ಹಾಗೆಯೇ. ನೀನು ಕಟ್ಟಿಕೊಡುವ ಕಟಕ ರೊಟ್ಟಿ ಇಲ್ಲಿಯ ಮಳೆಗಾಲದಲ್ಲಿ ಮೆತ್ತಗಾದರೆ ಮೂರು ನಿಮಿಷದಲ್ಲಿ ಮತ್ತೆ ಕಟಕ್ ಎನ್ನುತ್ತದೆ. ಇವುಗಳಲ್ಲಿ ಯಾವುದನ್ನೂ ನೀನು ಮೊದಲು ಕರಿಯುತ್ತಿರಲಿಲ್ಲ ಎಂಬುದನ್ನು ಗಮನಿಸು. ಇದು ಕಡಾಯಿಯ ಕೆಲಸವನ್ನು ಕಸಿದುಕೊಳ್ಳಲಿಲ್ಲ, ಹಂಚಿನ ಮುಂದೆ ನಿಲ್ಲುವ ಕೆಲಸವನ್ನು ಕಸಿದುಕೊಂಡಿತು.

ಈಗ ಅಪ್ಪನ ಎಣ್ಣೆಯ ಲೆಕ್ಕ. ಒಂದು ಗ್ರಾಂ ಎಣ್ಣೆಗೆ ಒಂಬತ್ತು ಕ್ಯಾಲೊರಿ. ಚಹಾದ ಚಮಚವೊಂದರಲ್ಲೇ ನಲವತ್ತು ಸೇರುತ್ತದೆ, ಅದು ಉಳಿದರೆ ಲಾಭವೇ. ಆದರೆ ನಮ್ಮ ಮನೆಯಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಒಲೆಯ ಪಕ್ಕದ ಮುಚ್ಚಿದ ಸ್ಟೀಲು ಡಬ್ಬಿ. ನಾಲ್ಕು ಸಂಡಿಗೆ ಕರಿಯಲು ಅರ್ಧ ಲೀಟರ್ ಎಣ್ಣೆ ಕಾಯಿಸುತ್ತೇವೆ, ಉಳಿದದ್ದನ್ನು ಸೋಸಿ ಆ ಡಬ್ಬಿಗೆ ಸುರಿಯುತ್ತೇವೆ, ಮರುದಿನ ಒಗ್ಗರಣೆಗೆ ಅದೇ, ಶನಿವಾರ ಮತ್ತೆ ಕರಿಯಲು ಅದೇ. ಚೆಲ್ಲಲು ಮನಸ್ಸು ಬರುವುದಿಲ್ಲ ಎಂಬುದು ನನಗೂ ಗೊತ್ತು. ಮತ್ತೆ ಮತ್ತೆ ಕಾದ ಎಣ್ಣೆ ಕೆಡುತ್ತ ಹೋಗುತ್ತದೆ. ಹಾಗೆ ಕೆಟ್ಟದ್ದನ್ನು ಅಳೆಯುವ ಒಟ್ಟು ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇಕಡ 25 ದಾಟಿದರೆ ಆ ಎಣ್ಣೆಯನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಹೋಟೆಲಿನವರನ್ನು ಕೇಳಲು ನಿಯಮವಿದೆ, ನಮ್ಮ ಡಬ್ಬಿಯನ್ನು ಕೇಳುವವರಾರು? ನನ್ನ ಅಡುಗೆಮನೆಯಲ್ಲಿ ಈ ಒಂದು ವರ್ಷದಲ್ಲಿ ಆ ಡಬ್ಬಿ ಇಲ್ಲವಾಗಿದೆ. ಯಂತ್ರ ಕೊಟ್ಟ ದೊಡ್ಡ ಉಪಕಾರ ಅದೇ ಇರಬೇಕು. ನಿಜ ಹೇಳಬೇಕೆಂದರೆ, ಅಂಗೈಯಗಲದ ಸಣ್ಣ ಕಡಾಯಿ ಕೊಂಡು ಬೇಕಾದಷ್ಟೇ ಎಣ್ಣೆ ಹಾಕಿದ್ದರೂ ಅದರಲ್ಲಿ ಅರ್ಧ ಉಪಕಾರ ಆಗುತ್ತಿತ್ತು.

ತಮ್ಮನು ಇನ್ನೊಂದು ಮಾತು ಹೇಳುತ್ತಾನೆ, ಇದರಲ್ಲಿ ಮಾಡಿದ್ದೆಲ್ಲ ನಿರಪಾಯ ಎಂದು. ಹಾಗೇನಿಲ್ಲ. ಆಲೂಗಡ್ಡೆಯಂಥ ಪಿಷ್ಟದ ಪದಾರ್ಥ 120 ಡಿಗ್ರಿಗಿಂತ ಹೆಚ್ಚು ಕಾದಾಗ ಅದರಲ್ಲಿ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಅದಕ್ಕೆ ಎಣ್ಣೆಯೇ ಬೇಕೆಂದಿಲ್ಲ, ಬಿಸಿಗಾಳಿಯಲ್ಲೂ ಅದು ಹುಟ್ಟುತ್ತದೆ. ಹೋಳುಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಹೊಂಬಣ್ಣಕ್ಕೆ ನಿಲ್ಲಿಸಿದರೆ ಕಡಿಮೆಯಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಅವನ ಫ್ರೀಜರು. ಯಂತ್ರ ಬಂದ ಮರುದಿನವೇ ಅವನು ಫ್ರೋಜನ್ ಫ್ರೈಸ್, ನಗೆಟ್ಸ್ ಪಾಕೀಟುಗಳನ್ನು ತಂದು ತುಂಬುತ್ತಾನೆ. ಅವುಗಳಲ್ಲಿ ಹೆಚ್ಚಿನವನ್ನು ಕಾರ್ಖಾನೆಯಲ್ಲೇ ಒಮ್ಮೆ ಎಣ್ಣೆಯಲ್ಲಿ ಅರೆಗರಿದಿರುತ್ತಾರೆ, ಮನೆಯಲ್ಲಿ ಎಣ್ಣೆ ಹಾಕಲಿಲ್ಲವೆಂಬ ಸಮಾಧಾನ ಮಾತ್ರ ನಮ್ಮದು. ಅಪ್ಪ ವಾರಕ್ಕೊಮ್ಮೆ ಎರಡು ಭಜಿ ತಿನ್ನುವುದು ಅದಕ್ಕಿಂತ ಲೇಸು ಎಂದು ನನಗನಿಸುತ್ತದೆ.

ಇನ್ನು ಮನೆಯ ಅನುಕೂಲ. ನನ್ನದು ನಾಲ್ಕು ಲೀಟರಿನದು, ಕಳೆದ ವರ್ಷ ಆರೂವರೆ ಸಾವಿರಕ್ಕೆ ಬಂತು. ಲೀಟರಿನ ಲೆಕ್ಕ ಕೇಳಿ ಮೋಸಹೋಗಬೇಡಿ. ಒಂದರ ಮೇಲೊಂದು ಹೇರಿದರೆ ಗಾಳಿ ನುಗ್ಗದೆ ಅರ್ಧ ಬೇಯುತ್ತದೆ, ಅರ್ಧ ಬೆವರುತ್ತದೆ, ಆದ್ದರಿಂದ ಒಂದು ಸಲಕ್ಕೆ ಇಬ್ಬರಿಗಾಗುವಷ್ಟೇ. ಏಳು ಜನರಿಗೆ ನಾಲ್ಕು ಸರದಿ ಹಾಕುವ ಹೊತ್ತಿಗೆ ಮೊದಲಿನದು ಆರಿರುತ್ತದೆ. 1500 ವಾಟಿನ ಯಂತ್ರ ಇಪ್ಪತ್ತು ನಿಮಿಷಕ್ಕೆ ಹೆಚ್ಚೆಂದರೆ ಅರ್ಧ ಯುನಿಟ್ ತಿನ್ನುತ್ತದೆ, ಬಿಲ್ಲಿನ ಹೆದರಿಕೆಯಿಲ್ಲ. ಆದರೆ ಅದು ಎಳೆಯುವ ಕರೆಂಟು ಆರೂವರೆ ಆಂಪಿಯರ್. ನಮ್ಮ ಹಳೆಯ ಮನೆಯ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಹಾಕಿದರೆ ಪ್ಲಗ್ಗು ಕಾಯುತ್ತದೆ. ದೊಡ್ಡ ಸಾಕೆಟ್ಟು ಅಡುಗೆಮನೆಯಲ್ಲಿ ಒಂದೇ ಇದೆ, ಅದಕ್ಕೆ ಫ್ರಿಜ್ಜು ಅಂಟಿಕೊಂಡಿದೆ. ಕರೆಂಟು ಹೋದಾಗ ಇನ್ವರ್ಟರ್ ಇದೆಯಲ್ಲ ಎನ್ನಬೇಡ, ದೀಪ ಫ್ಯಾನುಗಳಿಗೆ ಹಾಕಿಸಿದ ಆ ಇನ್ವರ್ಟರ್ ಈ ಹೊರೆ ಹೊರುವುದಿಲ್ಲ. ಮತ್ತೊಂದು, ಬುಟ್ಟಿಗೆ ನಾನ್‌ಸ್ಟಿಕ್ ಲೇಪವಿರುತ್ತದೆ. ನಿನ್ನ ಕೈಗೆ ತಂತಿಯ ಬುರುಸು ಸಿಕ್ಕರೆ ಕನ್ನಡಿಯಂತೆ ಹೊಳೆಯುವ ತನಕ ಬಿಡುವವಳಲ್ಲ ನೀನು. ಒಂದು ತಿಂಗಳಲ್ಲಿ ಲೇಪವೆಲ್ಲ ಚರಂಡಿ ಸೇರುತ್ತದೆ.

ಆದ್ದರಿಂದ ಈ ದೀಪಾವಳಿಗೆ ತರಿಸುವುದು ಬೇಡ. ಫರಾಳದ ತಿಂಡಿಗಳನ್ನು ಎಂದಿನಂತೆ ಕಡಾಯಿಯಲ್ಲೇ ಮಾಡು, ಪ್ರತಿ ವರ್ಷಕ್ಕಿಂತ ಅರ್ಧದಷ್ಟು ಮಾಡು, ಉಳಿದ ಎಣ್ಣೆಯನ್ನು ಡಬ್ಬಿಗೆ ಸುರಿಯದೆ ಹೊರಗೆ ಹಾಕು. ನಾವು ಡಿಸೆಂಬರಿನಲ್ಲಿ ವಂದೇ ಭಾರತ್ ರೈಲಿಗೆ ಬರುವಾಗ ನನ್ನ ಯಂತ್ರವನ್ನೇ ಹಳೆಯ ಸೀರೆಯಲ್ಲಿ ಸುತ್ತಿ ತರುತ್ತೇನೆ. ಒಂದು ವಾರ ನೀನೇ ಬಳಸಿ ನೋಡು. ಶೇಂಗಾ ಹುರಿದು, ಬದನೆಕಾಯಿ ಸುಟ್ಟು ನಿನಗೆ ಹಿಡಿಸಿದರೆ ಅದನ್ನು ಅಲ್ಲೇ ಬಿಟ್ಟು ಬರುತ್ತೇನೆ, ತಮ್ಮನ ದುಡ್ಡಿನಿಂದ ನಾನು ಇಲ್ಲಿ ಹೊಸದನ್ನು ಕೊಳ್ಳುತ್ತೇನೆ. ಅಷ್ಟರೊಳಗೆ ಫ್ರಿಜ್ಜಿನ ಪಕ್ಕದಲ್ಲಿ ಇನ್ನೊಂದು 16 ಆಂಪಿಯರ್ ಸಾಕೆಟ್ಟು ಹಾಕಿಸಲು ಅವನಿಗೆ ಹೇಳು. ಭಜಿಗೆ ಉದ್ದನೆಯ ಹಸಿಮೆಣಸಿನಕಾಯಿ ತಂದಿಟ್ಟಿರು, ಕಡಾಯಿಯನ್ನು ಮಾತ್ರ ಅಟ್ಟಕ್ಕೆ ಹಾಕಬೇಡ.

ನಿನ್ನ ಮಗಳು